ಪಕ್ಕದ ಸೀಟು

ನಮ್ಮ ಮನೆಯವರ ಕಿವಿ ಬಗ್ಗೆ ಮೊದಲೇ ಹೇಳಿಬಿಡಬೇಕು. ಅಡುಗೆಮನೆಯಿಂದ ನಾನು ಗಂಟಲು ಹರಿದುಕೊಂಡು ಕೂಗಿದರೂ ಆ ಕಿವಿಗೆ ಕೇಳಿಸುವುದಿಲ್ಲ. ಬೀದಿ ಕೊನೆಯಲ್ಲಿ ಹೋಗುವ ಯಾರದೋ ಕಾರಿನ ಬೇರಿಂಗ್ ಸವೆದಿದ್ದರೆ ಮಾತ್ರ ತಕ್ಷಣ ಕೇಳಿಸುತ್ತದೆ. "ಪಾಪ, ಈ ವಾರ ದಾಟಲ್ಲ ಅದು" ಅನ್ನುತ್ತಾರೆ, ಪೇಪರಿನಿಂದ ತಲೆ ಎತ್ತದೆ. ಒಂದು ಕಂಪನಿಯ ದೊಡ್ಡ ಸಾಹೇಬರಿಗೆ ಡ್ರೈವರಾಗಿ ತಲೆ ನರೆಸಿಕೊಂಡವರು. ತಾವು ಓಡಿಸುವ ಕಾರಿನಲ್ಲಿ ಒಂದು ಸ್ಕ್ರೂ ಸಡಿಲವಾಗಿ ಕಿರುಗುಟ್ಟಿದರೂ ಅವರಿಗೆ ಊಟ ಸೇರುತ್ತಿರಲಿಲ್ಲ.

ಅಂಥವರು ನಿವೃತ್ತರಾದ ಮೇಲೆ ಸ್ವಂತಕ್ಕೆ ಅಂತ ಹೊಚ್ಚ ಹೊಸ ಕಾರು ತಂದರು. ತಂದದ್ದು ನನಗಲ್ಲ ಬಿಡಿ, ದೊಡ್ಡಕ್ಕನಿಗೆ.

ದೊಡ್ಡಕ್ಕ ಅಂದರೆ ಇವರ ಅಕ್ಕ. ಅಪ್ಪ ಅಮ್ಮ ಬೇಗ ಹೋಗಿಬಿಟ್ಟ ಮೇಲೆ ಬಟ್ಟೆ ಫ್ಯಾಕ್ಟರಿಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಾ ತಮ್ಮನನ್ನು ಸಾಕಿದವರು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಅಂತ ಕೇಳಿದರೆ, "ಒಬ್ಬ ಗಂಡಸನ್ನ ಸಾಕಿದ್ದಕ್ಕೇ ಸುಸ್ತಾಗಿದೆ, ಇನ್ನೊಬ್ಬ ಬೇರೆ ಬೇಕಾ?" ಅನ್ನುವರು. ನಾನು ಈ ಮನೆಗೆ ಬಂದಾಗಿನಿಂದ ಅವರು ನಮ್ಮ ಜೊತೆಯೇ. ಅತ್ತಿಗೆ ಅನ್ನುವುದು ಬಿಟ್ಟು ನಾನೂ ಅವರನ್ನು ದೊಡ್ಡಕ್ಕ ಅಂತಲೇ ಕರೆಯುತ್ತಿದ್ದೆ. ಈಚೆಗೆ ಅವರ ಎದೆ ದುರ್ಬಲವಾಗಿ ಕಾಲು ಊದಿಕೊಳ್ಳುತ್ತಿತ್ತು. ಮುಂದಿನ ಕೋಣೆಯ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಬೀದಿಯ ಸಮಾಚಾರವೆಲ್ಲ ಅವರ ಬಾಯಲ್ಲಿ.

ಊರಾಚೆ ಒಂದು ಬೆಟ್ಟವಿದೆ. ಅದರ ರಸ್ತೆಯ ಮೇಲಿನ ತಿರುವಿನಲ್ಲಿ ನಿಂತರೆ ಊರಿಗೆ ಊರೇ ಕಾಣುತ್ತದೆ. ಸಾಹೇಬರ ವಿದೇಶಿ ಅತಿಥಿಗಳನ್ನೆಲ್ಲ ಇವರು ಅಲ್ಲಿಗೆ ಕರೆದುಕೊಂಡು ಹೋಗಿ ಬಂದು ಅಕ್ಕನಿಗೆ ವರ್ಣಿಸುತ್ತಿದ್ದರು. "ನಿನ್ನನ್ನೂ ಒಂದಿನ ಕರ್ಕೊಂಡ್ ಹೋಗ್ತೀನಿ, ನನ್ನ ಪಕ್ಕದ ಸೀಟಲ್ಲಿ ಕೂರಿಸ್ಕೊಂಡು." ಇದು ಇವರು ಕೆಲಸಕ್ಕೆ ಸೇರಿದ ಹೊಸದರ ಮಾತು. ದೊಡ್ಡಕ್ಕನಿಗೆ ಇದ್ದದ್ದು ಒಂದೇ ಕುತೂಹಲ. ನಮ್ಮ ತಾರಸಿಯ ನೀರಿನ ನೀಲಿ ಟ್ಯಾಂಕು ಅಲ್ಲಿಂದ ಕಾಣುತ್ತದೋ ಇಲ್ಲವೋ?

ಪಕ್ಕದ ಸೀಟು ಅಂದರೆ ಇವರಿಗೆ ಸಾಮಾನ್ಯ ವಿಷಯವಲ್ಲ. ಹಿಂದೆ ಕೂರುವವರು ಸಾಹೇಬರು, ಪಕ್ಕದಲ್ಲಿ ಕೂರುವವರು ನಮ್ಮವರು ಅನ್ನುವುದು ಇವರ ಲೆಕ್ಕ. ಅಷ್ಟು ವರ್ಷ ಇವರ ಪಕ್ಕದಲ್ಲಿ ಕೂತದ್ದು ಸಾಹೇಬರ ಬ್ಯಾಗು, ಸಾಹೇಬರ ಕೋಟು. ಹಾಗಾಗಿ ಹೊಸ ಕಾರಿನ ಪಕ್ಕದ ಸೀಟಿನ ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯಲಿಲ್ಲ.

"ಮೊದಲು ಅಕ್ಕ ಕೂರಲಿ. ಆಮೇಲೆ ನೀನು ದಿನಾ ಕೂತ್ಕೊ, ಯಾರು ಬೇಡ ಅಂತಾರೆ?"

ಸರಿ, ನಾನು ಹಿಂದೆ ಕೂತೆ. ಪಕ್ಕದ ಮನೆಯಾಕೆ ಗೇಟಿನಲ್ಲಿ ನಿಂತು, "ಏನ್ರೀ ಮೇಡಂ, ಡ್ರೈವರ್‌ಗೆ ಸಂಬಳ ಎಷ್ಟು?" ಅಂದಳು. "ಎರಡು ಹೊತ್ತು ಊಟ ಹಾಕಿ, ಬೈಸ್ಕೊಳ್ಳೋ ಕೆಲ್ಸ ನಂದೇ" ಅಂದೆ.

ಶೋರೂಮಿನಿಂದ ತಂದ ವಾರವೇ ಬೆಟ್ಟಕ್ಕೆ ಹೊರಡುವುದು ಅಂತ ತೀರ್ಮಾನವಾಗಿತ್ತು. ಹಿಂದಿನ ದಿನ ಮಳೆ ಬಂತು. ಮಾರ್ಕೆಟ್ಟಿನಿಂದ ವಾಪಸ್ ಬರುವಾಗ ನನ್ನ ಕಾಲಿಗೆ ತಣ್ಣಗಾಯಿತು. ನೋಡಿದರೆ ಹಿಂದಿನ ಬಾಗಿಲ ಸಂದಿಯಿಂದ ನೀರು ಇಳಿದು ಚಪ್ಪಲಿ ತೇಲುವುದೊಂದು ಬಾಕಿ. ಮರುದಿನ ಅದೇ ಬಾಗಿಲಿನ ಗಾಜು ಅರ್ಧಕ್ಕೆ ಇಳಿದು ಮೇಲೇರಲು ಮುಷ್ಕರ ಹೂಡಿತು.

"ಇಂಥ ಗಾಡೀಲಿ ಅಕ್ಕನ್ನ ಕೂರಿಸ್ಲಾ?" ಅಂದು ಇವರು ಸೀದಾ ಡೀಲರ್ ಹತ್ತಿರ ಹೋದರು. ನಾನೂ ಹೋದೆ, ಜಗಳವಾದರೆ ಬಿಡಿಸಲು.

ಕೊಳ್ಳುವಾಗ ಮುಂದಿನ ಗಾಜಿನ ಬಾಗಿಲು, ಮೆತ್ತನೆ ಸೋಫಾ, ಕಪ್ಪಿನಲ್ಲಿ ಕಾಫಿ. ದೂರು ಹೇಳುವಾಗ ಹಿಂದಿನ ಶೆಡ್ಡು, ಪ್ಲಾಸ್ಟಿಕ್ ಕುರ್ಚಿ, ಕಾಫಿ ಮಿಷನ್ ಮೇಲೆ 'ಕೆಟ್ಟಿದೆ' ಅನ್ನುವ ಚೀಟಿ. ಅಲ್ಲಿನ ಸರ್ವೀಸ್ ಅಡ್ವೈಸರ್ ಇಸ್ತ್ರಿ ಮಾಡಿದ ಅಂಗಿಯ, ಇಸ್ತ್ರಿ ಮಾಡಿದಂಥ ನಗುವಿನ ಹುಡುಗ. ಏನು ಹೇಳಿದರೂ, "ಆಗೋಗುತ್ತೆ ಸರ್" ಅನ್ನುತ್ತಿದ್ದ. ನಾನು ಅವನಿಗೆ 'ಆಗೋಗುತ್ತೆ' ಅಂತಲೇ ಹೆಸರಿಟ್ಟೆ.

ಏನೂ ಆಗಲಿಲ್ಲ. ಕಾರು ಹೋಯಿತು, ತೊಳೆದುಕೊಂಡು ಬಂತು, ಮುಂದಿನ ಮಳೆಗೆ ಮತ್ತೆ ಸೋರಿತು. ಮತ್ತೆ ಹೋಯಿತು, ಮತ್ತೆ ಸೋರಿತು. ಫೋನ್ ಮಾಡಿದರೆ, "ಪಾರ್ಟ್ ಬರಬೇಕು ಸರ್, ಬಂದ್ರೆ ಆಗೋಗುತ್ತೆ." ದೊಡ್ಡಕ್ಕ ಕಿಟಕಿಯಿಂದಲೇ ವಿಚಾರಿಸುವರು, "ಏನೋ ಪುಟ್ಟ, ನಿನ್ನ ಕಾರಿನ ನೆಗಡಿ ವಾಸಿ ಆಯ್ತಾ?" ನಿವೃತ್ತನಾದ ತಮ್ಮ ಅವರಿಗೆ ಇನ್ನೂ ಪುಟ್ಟ.

ಕೊನೆಗೆ ಒಂದು ದಿನ ಇವರು ಹಿಂದಿನ ಶೆಡ್ಡಿಗೆ ಹೋಗದೆ ಮುಂದಿನ ಶೋರೂಮಿಗೆ ನುಗ್ಗಿ, ಮಾರಾಟಕ್ಕಿಟ್ಟ ಹೊಸ ಕಾರಿನ ಪಕ್ಕ ಕೈಕಟ್ಟಿ ನಿಂತುಬಿಟ್ಟರು. ಕಾರು ನೋಡಲು ಬಂದ ದಂಪತಿಗೆ ಬಹಳ ವಿನಯದಿಂದ, "ಒಳ್ಳೇ ಗಾಡಿ ಸರ್. ಹಿಂದೆ ಕಾಲು ತೊಳ್ಕೊಳ್ಳೋಕೆ ನೀರಿನ ವ್ಯವಸ್ಥೆನೂ ಇದೆ, ಅದಕ್ಕೆ ಬೇರೆ ಚಾರ್ಜ್ ಇಲ್ಲ" ಅಂದರು. ಎಲ್ಲಿದ್ದನೋ ಮ್ಯಾನೇಜರು, ಓಡಿ ಬಂದ. ಅದುವರೆಗೂ ಬರಬೇಕಾಗಿದ್ದ ಪಾರ್ಟು ಮಾರನೆಯ ದಿನವೇ ಬಂತು. ಬಾಗಿಲ ರಬ್ಬರು ಬದಲಾಯಿತು, ಗಾಜಿನ ಮೋಟಾರು ಬದಲಾಯಿತು. ಮನೆಯಲ್ಲಿ ನಾವು ಮೂವರೂ ನಕ್ಕು ನಕ್ಕು ಸಾಕಾಯಿತು. ದೊಡ್ಡಕ್ಕ ಹೊರಡಲೆಂದು ಊದಿದ ಕಾಲಿಗೆ ತರಿಸಿಕೊಂಡಿದ್ದ ಮೆತ್ತನೆ ಬೂಟುಗಳನ್ನು ಒರೆಸಿ ಬಾಗಿಲ ಬಳಿ ಇಟ್ಟುಕೊಂಡರು.

ಆಗ ಶುರುವಾಯಿತು ಸದ್ದು.

ಟಿಕ್... ಟಿಕ್ ಟಿಕ್. ರಸ್ತೆ ನುಣುಪಾಗಿದ್ದರೆ ಇಲ್ಲ, ಸ್ವಲ್ಪ ತಗ್ಗು ದಿಣ್ಣೆ ಬಂದರೆ ಇದೆ. ಮುಂದಿನಿಂದಲೇ ಬರುತ್ತದೆ, ಆದರೆ ಎಲ್ಲಿಂದ ಅಂತ ಹೇಳಲಾಗದು. ನನಗೆ ಅದು ಕೈಬಳೆ ತಾಗಿದಷ್ಟು ಸಣ್ಣ ಸದ್ದು. ಇವರಿಗೆ ಹಲ್ಲುನೋವು. ಡ್ಯಾಶ್‌ಬೋರ್ಡ್ ಒಳಗೆ ಏನೋ ಬಿಚ್ಚಿಕೊಂಡಿದೆ, ಬಾಗಿಲು ಬಿಚ್ಚಿ ಕೂರಿಸುವಾಗ ಶೆಡ್ಡಿನವರೇ ಏನೋ ಕೆಡಿಸಿದ್ದಾರೆ ಅಂತ ಇವರ ತೀರ್ಪು.

ಮತ್ತೆ ಶೆಡ್ಡು. ಅಲ್ಲಿ ಒಂದು ಪದ್ಧತಿ ಇತ್ತು. ಸದ್ದಿನ ದೂರು ಬಂದರೆ ಇಬ್ಬರು ಹೋಗಬೇಕು, ಒಬ್ಬ ಓಡಿಸಲು, ಒಬ್ಬ ಕೇಳಲು. ಇಬ್ಬರೂ ಹೋಗಿ ಬಂದರು. "ಏನೂ ಇಲ್ಲ ಸರ್" ಅಂದ ಆಗೋಗುತ್ತೆ. ಮನೆಗೆ ತಂದರೆ ಮತ್ತೆ ಟಿಕ್ ಟಿಕ್. ಇನ್ನೊಮ್ಮೆ ಹೋದಾಗ ಇವರೂ ಹಟ ಹಿಡಿದು ಹಿಂದೆ ಹತ್ತಿ ಕೂತರು. ಮೆಕ್ಯಾನಿಕ್ ಓಡಿಸಿದ, ಆಗೋಗುತ್ತೆ ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡು ಕಿವಿ ನಿಮಿರಿಸಿದ. ಊರಿನ ಗುಂಡಿಗಳನ್ನೆಲ್ಲ ಹುಡುಕಿಕೊಂಡು ಹೋದರೂ ಕಾರು ತುಟಿ ಪಿಟಕ್ ಅನ್ನಲಿಲ್ಲ.

"ಸರ್, ತಪ್ಪು ತಿಳ್ಕೋಬೇಡಿ," ಅಂದ ಹುಡುಗ. "ವಯಸ್ಸಾದ ಮೇಲೆ ಕಿವೀಲಿ ಒಂದೊಂದು ಸಲ..."

ಮನೆಗೆ ಬಂದ ಇವರ ಮುಖ ನೋಡಬೇಕಿತ್ತು. ಕಿವಿಯ ಮಾತಿಗೆ ಸಿಟ್ಟು ಬಂದಿದೆ ಅಂದುಕೊಂಡೆ. ಅದಲ್ಲ.

"ಅಕ್ಕನ ಸೀಟಲ್ಲಿ ಕೂತ್ಬಿಟ್ಟ ಕಣೇ ಅವನು! ನಾನು ನೋಡೋ ಅಷ್ಟರಲ್ಲಿ ಕೂತಾಗಿತ್ತು."

"ಪ್ಲಾಸ್ಟಿಕ್ ಇದೆಯಲ್ಲ, ಬಿಡಿ" ಅಂದೆ. "ಸದ್ದು ಏನಾಯ್ತು?"

"ಎಲ್ಲಿ ಬಂತು? ಮೇಷ್ಟ್ರು ಬಂದಾಗ ಮಕ್ಕಳು ಕೂರೋ ಹಾಗೆ ಗಪ್‌ಚುಪ್ ಕೂತಿತ್ತು."

ಆ ಸದ್ದಿನ ಉತ್ತರ ಅವತ್ತೇ ನಮ್ಮ ಮನೆಯ ನಡುವೆ ಬಂದು ನಿಂತಿತ್ತು. ನಾವು ಅದಕ್ಕೆ ಕುರ್ಚಿ ಕೂಡ ಕೊಡಲಿಲ್ಲ.

ಒಳಗಿನಿಂದ ದೊಡ್ಡಕ್ಕ ಕೂಗಿದರು. "ಪುಟ್ಟ, ಬಾ ಇಲ್ಲಿ. ಆ ಸದ್ದು ಇದ್ರೆ ಇರ್ಲಿ ಬಿಡೋ. ಫ್ಯಾಕ್ಟರೀಲಿ ನೂರು ಮಿಷನ್ನಿನ ಮಧ್ಯೆ ಕೂತು ಬಾಳಿದೋಳು ನಾನು. ನಿನ್ನ ಕಾರು ಟಿಕ್ ಅಂದ್ರೆ ನಾನು ಅದಕ್ಕಿಂತ ಜೋರಾಗಿ ಮಾತಾಡ್ತೀನಿ. ನಾಳೆ ಹೋಗೋಣ."

"ಬೇಡಕ್ಕ. ಇಷ್ಟು ವರ್ಷ ಕಾದಿದೀಯ. ಹೋಗೋದು ಒಂದೇ ಸಲ, ಸರಿಯಾಗಿ ಹೋಗೋಣ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ನೋಡ್ತೀವಿ ಅಂದಿದಾರೆ. ಇನ್ನೊಂದು ನಾಲ್ಕು ದಿನ."

"ನಿನ್ನ ಸಾಹೇಬರ ಕಾರಲ್ವಲ್ಲೋ ಇದು. ನಾನೇನು ದೂರು ಹೇಳಲ್ಲ."

"ಸಾಹೇಬರಿಗೇ ಸದ್ದಿಲ್ಲದ ಗಾಡಿ ಓಡಿಸ್ದೋನು, ನಿನಗೆ ಕಟಗುಟ್ಟೋ ಗಾಡಿ ಓಡಿಸ್ಲಾ?"

ದೊಡ್ಡಕ್ಕ ತಮ್ಮನ ಮುಖ ನೋಡಿ, "ಆಯ್ತಪ್ಪ, ನಿನ್ನಿಷ್ಟ" ಅಂದು ಕಿಟಕಿ ಕಡೆ ತಿರುಗಿದರು. ಆ ಪ್ರೀತಿಯ ಮುಂದೆ ಏನು ವಾದ ಮಾಡುತ್ತಾರೆ? ಬೂಟುಗಳನ್ನು ಮಾತ್ರ ಬಾಗಿಲ ಬಳಿಯಿಂದ ಎತ್ತಿಡಲು ಬಿಡಲಿಲ್ಲ.

ಕಾರು ಶೆಡ್ಡಿನಲ್ಲಿ ಎದೆ ಬಿಚ್ಚಿಕೊಂಡು ಕೂತಿದ್ದಾಗ, ಒಂದು ಬೆಳಿಗ್ಗೆ ದೊಡ್ಡಕ್ಕನಿಗೆ ಉಸಿರು ಸಿಕ್ಕಲಿಲ್ಲ. ಆಂಬುಲೆನ್ಸ್ ಬಂತು. ಹಿಂದೆ ಅಕ್ಕನನ್ನು ಮಲಗಿಸಿದರು, ನನ್ನನ್ನು ಅವರ ಕಾಲ ಬಳಿ ಕೂರಿಸಿದರು. ಇವರನ್ನು ಡ್ರೈವರಿನ ಪಕ್ಕ ಹತ್ತಿಸಿದರು. ದೊಡ್ಡಕ್ಕ ಮುಖದ ಮೇಲಿನ ಮಾಸ್ಕ್ ಪಕ್ಕಕ್ಕೆ ಸರಿಸಿ, "ನೋಡೋ ಪುಟ್ಟ, ಕೊನೆಗೂ ನಾನೇ ಸಾಹೇಬರು" ಅಂದರು. ನನಗೆ ನಗು ಬಂತು. ಇವರಿಗೆ ಕೇಳಿಸಿತೋ ಇಲ್ಲವೋ, ತಿರುಗಿ ನೋಡಲಿಲ್ಲ. ಬೀದಿಯ ಕಡೆಗೇ ನೋಡುತ್ತಿದ್ದರು, ತಾವೇ ಓಡಿಸುತ್ತಿರುವ ಹಾಗೆ ಬಲಗಾಲನ್ನು ಒತ್ತಿಕೊಂಡು.

ದೊಡ್ಡಕ್ಕ ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ.

ಎಲ್ಲ ಮುಗಿದು ಮನೆ ತಣ್ಣಗಾದ ಮೇಲೆ ಫೋನ್ ಬಂತು. "ಸರ್, ಗಾಡಿ ರೆಡಿ. ಡ್ಯಾಶ್‌ಬೋರ್ಡ್ ಕ್ಲಿಪ್ಪೆಲ್ಲ ಹೊಸದು ಹಾಕಿದೀವಿ. ಇನ್ನು ಸದ್ದು ಬಂದ್ರೆ ನನ್ನ ಕೇಳಿ." ಹೋದೆವು. ಆಗೋಗುತ್ತೆ ನಗುತ್ತಾ ಬೀಗದ ಕೈ ಕೊಟ್ಟ. ಇವರು ಒಂದು ಮಾತೂ ಆಡದೆ ತೆಗೆದುಕೊಂಡದ್ದಕ್ಕೆ ಅವನಿಗೇ ಗಾಬರಿಯಾಗಿ, "ಏನಾಯ್ತು ಮೇಡಂ, ಸರ್‌ಗೆ ಇನ್ನೂ ಕೋಪಾನಾ?" ಅಂತ ನನ್ನನ್ನು ಕೇಳಿದ. ಅವರ ಅಕ್ಕ ತೀರಿಕೊಂಡರು ಅಂದೆ. ಹುಡುಗನ ಇಸ್ತ್ರಿ ನಗು ಮುದುಡಿಹೋಯಿತು. "ಮೊದಲೇ ಹೇಳಿದ್ರೆ ಬೇರೆ ಗಾಡಿ ಕೊಡ್ತಿದ್ವಲ್ಲ ಮೇಡಂ" ಅಂದ. ಪಾಪ, ಒಳ್ಳೆಯ ಹುಡುಗನೇ. ಇವರು ಕಾಯುತ್ತಿದ್ದದ್ದು ಬೇರೆ ಗಾಡಿಗಲ್ಲ ಅಂತ ಅವನಿಗೆ ಹೇಗೆ ಹೇಳಲಿ?

ನಾನು ಅಭ್ಯಾಸದ ಮೇಲೆ ಹಿಂದಿನ ಬಾಗಿಲಿಗೆ ಕೈ ಹಾಕಿದೆ. ಇವರು ಪಕ್ಕದ ಬಾಗಿಲು ತೆರೆದರು. "ಇಲ್ಲಿ ಕೂತ್ಕೊ."

ಕೂತೆ. ಪ್ಲಾಸ್ಟಿಕ್ ಹೊದಿಕೆ ಚರಪರ ಅಂದಿತು. ಬೆಲ್ಟ್ ಹಾಕಿಕೊಂಡೆ. ಇವರು ಮನೆ ಕಡೆ ತಿರುಗಲಿಲ್ಲ, ಬೆಟ್ಟದ ದಾರಿ ಹಿಡಿದರು. ರಸ್ತೆ ಹದಗೆಟ್ಟು ಕುಲುಕಾಡುತ್ತಿತ್ತು, ಸದ್ದು ಮಾತ್ರ ಇಲ್ಲ. "ಅಂತೂ ಸರಿ ಮಾಡಿದಾರೆ" ಅಂದೆ. "ಹ್ಞೂಂ" ಅಂದರು. "ಒಂದು ತಿಂಗಳ ಹಿಂದೆ ಮಾಡಿದ್ರೆ ಅವರ ಗಂಟೇನು ಹೋಗ್ತಿತ್ತು."

ತಿರುವಿನಲ್ಲಿ ನಿಲ್ಲಿಸಿದರು. ನಾನು ಇಳಿದು ಕಟ್ಟೆಯ ಬಳಿ ಹೋಗಿ ನಮ್ಮ ಬೀದಿ ಹುಡುಕತೊಡಗಿದೆ. ಗಡಿಯಾರದ ಗೋಪುರ, ಅದರ ಪಕ್ಕದ ಮೈದಾನ, ಅಲ್ಲಿಂದ ಎರಡು ಸಾಲು ಆಚೆ, ಹೌದು, ನೀಲಿ ಚುಕ್ಕೆ. ನಮ್ಮ ಟ್ಯಾಂಕೇ. "ಕಾಣುತ್ತೆ ರೀ! ಕಾಣುತ್ತೆ!" ಅಂತ ಕೂಗಿ ತಿರುಗಿದೆ.

ಇವರು ಕಾರನ್ನು ವಾಪಸ್ ತಿರುಗಿಸಲು ಜಲ್ಲಿ ಹಾಸಿದ ಜಾಗದಲ್ಲಿ ಹಿಂದೆ ಮುಂದೆ ಮಾಡುತ್ತಿದ್ದವರು ಅಲ್ಲೇ ನಿಂತುಬಿಟ್ಟಿದ್ದರು. ಸ್ವಲ್ಪ ಮುಂದೆ ಬಂದರು, ನಿಂತರು. ಮತ್ತೆ ಹಿಂದೆ ಹೋದರು, ನಿಂತರು. ಹತ್ತಿರ ಹೋದೆ. ಕಿಟಕಿ ಇಳಿದಿತ್ತು.

ಟಿಕ್. ಟಿಕ್ ಟಿಕ್.

ಇವರು ಪಕ್ಕದ ಖಾಲಿ ಸೀಟಿನ ಮೇಲೆ ಬಾಗಿ, ಬಾಗಿಲ ಕಂಬದ ಬಳಿ ನೇತಾಡುತ್ತಿದ್ದ ಬೆಲ್ಟಿನ, ಕೊಂಡಿಗೆ ಸಿಕ್ಕಿಸುವ ಲೋಹದ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದರು. ಕಾರನ್ನು ಜಲ್ಲಿಯ ಮೇಲೆ ಉರುಳಿಸಿದರು. ಸದ್ದಿಲ್ಲ. ಕೈ ಬಿಟ್ಟರು. ನಾಲಿಗೆ ಬೆಲ್ಟಿನ ಉದ್ದಕ್ಕೂ ಜಾರಿ ಕೆಳಗಿಳಿದು ಪ್ಲಾಸ್ಟಿಕ್‌ಗೆ ಬಡಿಯಿತು. ಟಿಕ್. ಅದು ಕೆಳಗೆ ಜಾರದ ಹಾಗೆ ಬೆಲ್ಟಿಗೆ ಒಂದು ಪುಟ್ಟ ಗುಂಡಿ ಇರುತ್ತದಂತೆ. ಬಾಗಿಲ ರಬ್ಬರು ಬದಲಿಸುವಾಗ ಬೆಲ್ಟನ್ನೂ ಬಿಚ್ಚಿದ್ದ ಶೆಡ್ಡಿನವರು ಪಕ್ಕದ ಬೆಲ್ಟಿಗೆ ಅದನ್ನು ಮತ್ತೆ ಹಾಕುವುದನ್ನೇ ಮರೆತಿದ್ದರು.

ಎಂಜಿನ್ ಆಫ್ ಮಾಡಿದರು. ಆ ಬೆಲ್ಟನ್ನು ಮತ್ತೆ ಕೈಗೆ ತೆಗೆದುಕೊಂಡರು.

"ಯಾರಾದ್ರೂ ಕೂತು ಬೆಲ್ಟ್ ಹಾಕ್ಕೊಂಡಿದ್ರೆ ಈ ಸದ್ದೇ ಇರ್ತಿರಲಿಲ್ಲ ಕಣೇ," ಅಂದರು. "ಸೀಟು ಖಾಲಿ ಇದ್ದಿದ್ದಕ್ಕೇ ಬರ್ತಿತ್ತು. ಅಕ್ಕ ಕೂತಿದ್ರೆ..."

ನಾನು ಬಾಗಿಲು ತೆರೆದು ಪಕ್ಕದಲ್ಲಿ ಕೂತೆ.

ಮನೆಗೆ ಬಂದ ಮೇಲೆ ದೊಡ್ಡಕ್ಕನ ಗುಂಡಿ ಡಬ್ಬಿ ಎಲ್ಲಿ ಅಂತ ಕೇಳಿದರು. ಸೂಜಿಗೆ ದಾರ ಪೋಣಿಸಲು ಇವರ ಕಣ್ಣಿಗೆ ಆಗಲಿಲ್ಲ, ನಾನು ಪೋಣಿಸಿಕೊಟ್ಟೆ. ಹೊಲಿಯುತ್ತೇನೆ ಅಂದರೆ ಕೊಡಲಿಲ್ಲ. ಅಂಗಳದಲ್ಲಿ ಕಾರಿನ ಬಾಗಿಲು ತೆರೆದು ಕೂತು, ಆ ದಪ್ಪ ಬೆಲ್ಟಿಗೆ ಒಂದು ಬಿಳಿ ಅಂಗಿ ಗುಂಡಿಯನ್ನು ಬೆರಳು ಚುಚ್ಚಿಕೊಂಡು ಚುಚ್ಚಿಕೊಂಡು ಹೊಲಿದರು. ವಕ್ರವಾಗಿ ಕೂತಿದೆ. ದೊಡ್ಡಕ್ಕ ನೋಡಿದ್ದರೆ ಬಿಚ್ಚಿ ಮತ್ತೆ ಹೊಲಿಸುತ್ತಿದ್ದರು.

ವಾರದ ಮೇಲೆ ಆಗೋಗುತ್ತೆ ಫೋನ್ ಮಾಡಿದ. ಈ ಸಲ ಮೆಲ್ಲಗೆ ಮಾತಾಡಿದ. "ಸರ್, ಸದ್ದು ಮತ್ತೆ ಬಂತಾ?"

"ಇಲ್ಲಪ್ಪ," ಅಂದರು ಇವರು. "ನಿಂತಿದೆ."