ಕಂಡಿತು, ಕಂಡಂತಾಯಿತು

ತಮ್ಮ ಆತ್ಮಕಥೆಯ, ಅಚ್ಚಿಗೆ ಹೋಗುವ ಮುಂಚಿನ ಕೊನೆಯ ಕರಡನ್ನು ಊಟದ ಮೇಜಿನ ತುಂಬ ಹರಡಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅತ್ತೆ ಕೂತಿದ್ದರು. ತಿದ್ದುಪಡಿ ಏನಿದ್ದರೂ ಮುದ್ರಣಾಲಯಕ್ಕೆ ಮಧ್ಯಾಹ್ನದೊಳಗೆ ಹೇಳಬೇಕಿತ್ತು. ಬಾಹ್ಯಾಕಾಶಕ್ಕೆ ಹೋಗಿಬಂದ ಹೆಂಗಸು ಎಂದು ಬೀದಿಯೆಲ್ಲ ಬೆರಗಾಗುವ ಈ ಅತ್ತೆಗೆ, ಕೆಳಗೆ ಬಿದ್ದ ಪೆನ್ನನ್ನು ಬಗ್ಗಿ ಎತ್ತಿಕೊಳ್ಳುವುದೇ ಈಗ ದೊಡ್ಡ ಯಾತ್ರೆ. ಹಾಗಂತ ಕಣ್ಣು ಮಂಕಾಗಿರಲಿಲ್ಲ.

ಸೊಸೆ ಅಡುಗೆಮನೆಯಿಂದಲೇ ಹಾಳೆ ತಿರುವುವ ಸದ್ದಿಗೆ ಕಿವಿಗೊಟ್ಟಿದ್ದಳು. ಶಾಲೆಯಲ್ಲಿ ವಿಜ್ಞಾನ ಪಾಠ ಹೇಳುವವಳು. ಅತ್ತೆ ಬಾಯಲ್ಲಿ ಹೇಳಿದ ನೆನಪುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದವಳೂ ಅವಳೇ. ಉಡಾವಣೆಯ ನಡುಕ, ತೇಲಿಹೋದ ಹಲ್ಲುಜ್ಜುವ ಬ್ರಷ್ಷು, ಎಲ್ಲವೂ ಹೇಳಿದ ಹಾಗೇ ಇದ್ದವು. ಒಂದು ಕಡೆ ಮಾತ್ರ ಅವಳು ಕೈಯಾಡಿಸಿದ್ದಳು. ನೌಕೆಯ ಜತೆಜತೆಗೇ ಬಂದು, ಹಠಾತ್ತನೆ ಅಡ್ಡ ತಿರುಗಿ ಮಾಯವಾದ ಹಸಿರು ಬೆಳಕಿನ ಪ್ರಸಂಗದಲ್ಲಿ, ಅತ್ತೆ "ಕಂಡಿತು" ಅಂದದ್ದನ್ನು "ಕಂಡಂತಾಯಿತು" ಮಾಡಿದ್ದಳು. ಸ್ಟಾಫ್ ರೂಮಿನಲ್ಲಿ ಅವಳು ಊಟದ ಡಬ್ಬಿ ತೆರೆದರೆ ಸಾಕು, ಬರೀ ಡಬ್ಬೀನಾ, ಹಾರುವ ತಟ್ಟೆ ತರಲಿಲ್ವಾ ಎಂದು, ಅತ್ತೆಯ ಈ ಕಥೆ ಕೇಳಿದ್ದು ಕಿಚಾಯಿಸುವವರು ಈಗಾಗಲೇ ಇದ್ದರು. ಅದು ಹಾಳಾಗಲಿ, ಜೀವಮಾನವೆಲ್ಲ ಗಳಿಸಿದ ಹೆಸರನ್ನು ಅತ್ತೆ ಒಂದೇ ಪುಟದಲ್ಲಿ ನಗೆಪಾಟಲು ಮಾಡಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ಹಾಳೆಯ ಸದ್ದು ನಿಂತಿತು.

"ಇಲ್ಲಿ ಬಾಮ್ಮ. ಈ 'ಅಂತಾಯಿತು' ಯಾರದು?"

ಸೊಸೆ ಕೈ ಒರೆಸಿಕೊಳ್ಳುತ್ತ ಬಂದಳು. "ನಂದೇ ಅತ್ತೆ. ಜನ ಆಡ್ಕೋತಾರೆ ಅಂತ."

ಅತ್ತೆ ರೇಗಲಿಲ್ಲ. ರೇಗಿದ್ದರೆ ಸೊಸೆಗೆ ಸುಲಭವಾಗುತ್ತಿತ್ತು. ನೌಕೆಯಿಂದ ರೇಡಿಯೋದಲ್ಲಿ ಮಾತಾಡುವ ಕ್ರಮವನ್ನು ನಿಧಾನವಾಗಿ ಹೇಳಿದರು. ಮೊದಲು ಕಂಡದ್ದು, ಆಮೇಲೆ ಅನಿಸಿದ್ದು. ಎರಡನ್ನೂ ಒಂದೇ ಮಾತಿನಲ್ಲಿ ಕಲಸಿದರೆ ಕೆಳಗೆ ಭೂಮಿಯ ನಿಯಂತ್ರಣ ಕೇಂದ್ರದವರಿಂದ ಬೈಗುಳ ಗ್ಯಾರಂಟಿ. ಒಮ್ಮೆ ಗಾಳಿಯ ಒತ್ತಡ ಇಳಿದು ಕೆಂಪು ದೀಪ ಹತ್ತಿದ್ದೂ ಉಂಟು.

"ದೀಪ ಕಂಡಂತಾಯ್ತು ಅಂದಿದ್ರೆ, 'ಸರಿಯಾಗಿ ನೋಡಿ ಹೇಳಮ್ಮ' ಅಂತ ಅವರು ಕಾಫಿಗೆ ಎದ್ದು ಹೋಗ್ತಿದ್ರು. ನಿನ್ನ ತಲೆ ತಿನ್ನೋಕೆ ಇವತ್ತು ನಾನಿರ್ತಿರಲಿಲ್ಲ."

ಸೊಸೆಗೆ ನಗು ಬಂತು, ಆದರೆ ಪಟ್ಟು ಬಿಡಲಿಲ್ಲ. ನೌಕೆಯಿಂದಲೇ ಕಳಚಿದ ಚೂರಿರಬಹುದು, ಗಾಜಿನಲ್ಲಿ ಮೂಡಿದ ಪ್ರತಿಬಿಂಬವಿರಬಹುದು ಎಂದಳು. ಇರಬಹುದು ಎಂದು ಅತ್ತೆಯೂ ಒಪ್ಪಿದರು. ಅದು ಬೇರೆ ಲೋಕದವರ ವಾಹನ ಅನ್ನುವುದು ತಮ್ಮ ನಂಬಿಕೆ, ಮುಂದಿನ ಪುಟದಲ್ಲಿ "ನಂಬುತ್ತೇನೆ" ಎಂದೇ ಬರೆಸಿದ್ದಾಗಿದೆ, ಜಗಳಕ್ಕೆ ಬರುವವರು ಆ ಪುಟಕ್ಕೆ ಬರಲಿ ಎಂದರು.

"ನನ್ನ ನಂಬಿಕೆ ಮೇಲೆ ಅನುಮಾನ ಪಡು, ಬೇಜಾರಿಲ್ಲ. ನನ್ನ ಕಣ್ಣಿನ ಮೇಲೆ ಪಡಬೇಡ."

ಸೊಸೆ ಕರಡನ್ನು ತನ್ನ ಕಡೆ ಎಳೆದುಕೊಂಡು ಎರಡೂ ಪುಟ ಓದಿದಳು. ಕಂಡದ್ದನ್ನು ಬರೆಯಿರಿ, ಪುಸ್ತಕದ ಉತ್ತರಕ್ಕೆ ಹೊಂದಿಸಬೇಡಿ ಎಂದು ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ದಿನಾ ಬಡಿದುಕೊಳ್ಳುವವಳು ಅವಳು. ಈಗ ಹಾಗೆ ಹೊಂದಿಸಿದ್ದು ಸ್ವತಃ ಅವಳೇ. ಎದ್ದು ಮುದ್ರಣಾಲಯಕ್ಕೆ ಫೋನು ಮಾಡಿ, ಒಂದೇ ಒಂದು ತಿದ್ದುಪಡಿ ಎಂದು ಪುಟದ ಗುರುತು ಹೇಳಿದಳು.

ಹಾಗಾದರೆ ಟೀಚರೂ ಇದನ್ನೆಲ್ಲ ನಂಬುತ್ತೀರಾ ಎಂದು ಆ ಕಡೆಯವನು ಕೇಳಿದ.

"ನಾನು ನಂಬಲ್ಲಪ್ಪ," ಎಂದಳು ಸೊಸೆ. "ಆದ್ರೆ ನಮ್ಮತ್ತೆಗೆ ಕಂಡಿತು. ಹಾಗೇ ಹಾಕಿ."

ಅತ್ತೆ ಅಷ್ಟರಲ್ಲಿ ಮುಂದಿನ ಹಾಳೆ ತಿರುವಿದ್ದರು. ಮತ್ತೆ ಕೆಳಗೆ ಬಿದ್ದ ಪೆನ್ನನ್ನು ಎತ್ತಿಕೊಡು ಎಂದು ಸೊಸೆಗೆ ಸನ್ನೆ ಮಾಡಿದರು.