ಒಂದು ಕಿಲೋ ನೂರೈವತ್ತು ಗ್ರಾಂ

"ಏಳುನೂರ ಎಂಬತ್ತು ಗ್ರಾಂ," ಎಂದ ತೂಕದ ಸಾಹೇಬ, ಸ್ಪ್ರಿಂಗ್ ತಕ್ಕಡಿಯ ಮುಳ್ಳಿನಿಂದ ಕಣ್ಣು ಕೀಳದೆ. "ಆರುನೂರರೊಳಗೆ ಬರಬೇಕಿತ್ತಲ್ಲ."

ಶೆಡ್ಡಿನ ತೊಲೆಗೆ ನೇತುಹಾಕಿದ್ದ ತಕ್ಕಡಿಯ ಕೊಕ್ಕೆಯಲ್ಲಿ ಹಸಿರು ಟಾರ್ಪಾಲಿನ ಚೀಲವೊಂದು ತೂಗಾಡುತ್ತಿತ್ತು. ಅದನ್ನು ಹೊಲಿದವಳು ಪಕ್ಕದಲ್ಲೇ ನಿಂತಿದ್ದಳು. ತುಟಿಯಲ್ಲಿ ಕಚ್ಚಿಕೊಂಡಿದ್ದ ಎರಡು ಗುಂಡುಸೂಜಿಗಳನ್ನು ತೆಗೆದು ಕಾಲರಿಗೆ ಚುಚ್ಚಿಕೊಂಡು ಗಂಡನ ಮುಖ ನೋಡಿದಳು.

"ಹೊಲಿಗೆ ಕಮ್ಮಿ ಹಾಕ್ಲಾ? ದಾರೀಲಿ ಚೀಲ ಬಿಚ್ಕೊಂಡು ಚಡ್ಡಿ ಬನೀನೆಲ್ಲ ರಸ್ತೆ ಪಾಲಾದ್ರೆ ನನ್ನ ಕೇಳ್ಬೇಡಿ."

"ಹೊಲಿಗೆ ಅಲ್ವೇ, ಬಕಲ್ಲು. ಕಬ್ಬಿಣದ್ದು ತೆಗೆದು ಪ್ಲಾಸ್ಟಿಕ್ಕಿಂದು ಹಾಕಿದ್ರೆ ಹತ್ತಿರ ಇನ್ನೂರು ಉಳಿಯುತ್ತೆ."

"ಮೂವತ್ತು ವರ್ಷದಿಂದ ಅಂಗಡಿಯವರ ಪ್ರಾಣ ತಿಂದಿದ್ದು ಸಾಲ್ದು ಅಂತ ಈಗ ನನ್ನದು!" ಎಂದು ನಗುತ್ತಲೇ ಚೀಲ ಬಿಚ್ಚಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಕೇಳಿಸತೊಡಗಿತು.

ಅವಳು ಹೇಳಿದ್ದು ಸುಳ್ಳೇನೂ ಅಲ್ಲ. ಅಂಗಡಿ, ಸಂತೆ, ಗೋದಾಮುಗಳ ತಕ್ಕಡಿ ಸರಿಯಿದೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವುದು ಅವನ ನೌಕರಿ. ಐದು ಗ್ರಾಂ ಹೆಚ್ಚುಕಮ್ಮಿ ಬಂದರೂ ಆ ತಕ್ಕಡಿಗೆ ಬೀಗ. ದೂರದಿಂದಲೇ ಗುರುತು ಸಿಗುವ ದಪ್ಪ ಶರೀರ; ಅವನು ಬೀದಿಯ ತುದಿಯಲ್ಲಿ ಕಾಣಿಸಿದರೆ ಸಾಕು, "ತೂಕದ ಸಾಹೇಬ ಬಂದ" ಎಂದು ಸುದ್ದಿ ಅಂಗಡಿಯಿಂದ ಅಂಗಡಿಗೆ ಹಾರುತ್ತಿತ್ತು. ಹಿತ್ತಾಳೆಯ ಮಾದರಿ ಬಟ್ಟುಗಳ ಪೆಟ್ಟಿಗೆಯನ್ನು ಇಲಾಖೆಯ ಜೀಪಿನಲ್ಲಿಟ್ಟುಕೊಂಡು ಬೆಟ್ಟದ ಸಂತೆಗಳಿಗೂ ಹೋಗುತ್ತಿದ್ದ. ಕಟ್ಟಕಡೆಯ ಸಂತೆಯ ಹತ್ತಿರ ಡಾಂಬರು ಮುಗಿಯುತ್ತದೆ. ಅಲ್ಲಿಂದ ಮುಂದೆ ಕಲ್ಲುಮಣ್ಣಿನ ಸೀಳುದಾರಿ. ಆಚೆಯಿಂದ ಉಣ್ಣೆ ಹೊತ್ತು ಬರುವವರು ಮೂರು ದಿಣ್ಣೆ ದಾಟಿದರೆ ಒಂದು ಕೆರೆ ಇದೆ, ತಳದ ಕಲ್ಲು ಎಣಿಸಬಹುದು ಎನ್ನುತ್ತಿದ್ದರು. ಜೀಪಿನ ಚಾಲಕ ಮಾತ್ರ ಅಷ್ಟರಲ್ಲಿ ಗಾಡಿ ತಿರುಗಿಸಿಯೇ ಬಿಟ್ಟಿರುತ್ತಿದ್ದ. ಪ್ರತಿ ಸಲ ಮನೆಗೆ ಬಂದು ಸಾಹೇಬ ಹೆಂಡತಿಯ ಮುಂದೆ ಅದನ್ನೇ ಹೇಳುವನು: ಒಂದು ದಿನ ಅಲ್ಲಿಂದ ಮುಂದಕ್ಕೆ ಹೋಗೋಣ.

ಆ ಒಂದು ದಿನಕ್ಕಾಗಿಯೇ ಶೆಡ್ಡಿಗೆ ಒಂದು ಬೈಕು ಬಂದಿತ್ತು; ಹಸಿರು ಚೀಲ ಅದರ ಬೆನ್ನಿಗೆ. ಡಾಂಬರಿನ ಮೇಲೂ ಓಡುವ, ಡಾಂಬರು ಮುಗಿದ ಮೇಲೂ ಓಡುವ, ಕುದುರೆಯಷ್ಟು ಎತ್ತರದ ತೆಳ್ಳನೆಯ ಬೈಕು; ನೂರ ಇಪ್ಪತ್ತೆಂಟು ಕಿಲೋ. ಕಾಡುದಾರಿಯಲ್ಲಿ ಇಂಥ ಬೈಕು ಬೀಳುವುದು ಖಂಡಿತ, ಬಿದ್ದಾಗ ಒಬ್ಬನೇ ಎತ್ತಿ ನಿಲ್ಲಿಸುವಂತಿರಬೇಕು, ಆದ್ದರಿಂದ ಹಗುರವಿದ್ದಷ್ಟೂ ಒಳ್ಳೆಯದು ಎಂದು ತಿಳಿದವರು ಹೇಳಿದ್ದರು. ಆ ಮಾತು ಅವನ ನೆತ್ತರಿಗೇ ಇಳಿದುಬಿಟ್ಟಿತು. ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು ಬರೆದ. ಒಂದು ಕಡೆ ಸೇರಿಸಿದ್ದು: ಕೈಗೆ ಕೊಂಬೆ ಬಡಿಯದಂತೆ ಹ್ಯಾಂಡಲಿಗೆ ಗಾರ್ಡು, ಇಂಜಿನ್ನಿನ ಅಡಿಗೆ ಅಲ್ಯೂಮಿನಿಯಂ ತಟ್ಟೆ, ಹಲ್ಲುಹಲ್ಲಿನ ಟೈರು, ಒಂದು ಟ್ಯೂಬು, ಗಾಳಿ ಪಂಪು. ಇನ್ನೊಂದು ಕಡೆ ತೆಗೆದದ್ದು. ಈ ಎರಡನೆಯ ಸಾಲು ಬೆಳೆದಂತೆಲ್ಲ ಅವನಿಗೆ ಮಗು ಅಂಬೆಗಾಲಿಟ್ಟಷ್ಟು ಖುಷಿ. ಪಾನಾಗಳಲ್ಲಿ ಈ ಬೈಕಿಗೆ ಹೊಂದುವ ನಾಲ್ಕನ್ನು ಉಳಿಸಿ ಬಾಕಿಯವನ್ನು ಡಬ್ಬಕ್ಕೆ ಹಾಕಿದ. ಕನ್ನಡಿ ಎರಡರಲ್ಲಿ ಒಂದು ಹೋಯಿತು. ಆ ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಒಂದು ಕಿಲೋ ನೂರೈವತ್ತು; ಅದರ ಕೆಳಗೆ ಎರಡು ಗೆರೆ ಎಳೆದಿದ್ದ. ಅದು ಹಿಂದೆ ಕೂರುವವರು ಕಾಲಿಡುವ ಫುಟ್‌ರೆಸ್ಟುಗಳು, ಚಾಸಿಗೆ ಬೆಸೆದಿದ್ದ ಕಬ್ಬಿಣದ ಸಮೇತ.

ಅವನ್ನು ಕೊಯ್ದವನು ಹೆಂಡತಿಯ ತಮ್ಮ. ಪೇಟೆಯ ಕೊನೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಗ್ರೈಂಡರ್ ಹಿಡಿದು ಒಂದು ಗಳಿಗೆ ತಡೆದು, "ಇದನ್ನೂ ತೆಗೀಬೇಕಾ ಭಾವ?" ಎಂದು ಕೇಳಿದ್ದ. "ಎಲ್ಲಕ್ಕಿಂತ ಭಾರ ಅದೇ ಕಣೋ" ಎಂದಿದ್ದ ಸಾಹೇಬ. ಕಿಡಿ ಹಾರಿತು, ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು.

ಚೀಲ ತೂಗಿದ ಮರುದಿನ ಸಂಜೆ ಕಚೇರಿಯಿಂದ ಬಂದಾಗ ಹೆಂಡತಿ ನಡುಮನೆಯ ನಿಲುಗನ್ನಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಏಳುತ್ತಿದ್ದಳು. ಮೈಮೇಲೆ ದಪ್ಪ ಬಟ್ಟೆಯ ಹೊಸ ಪ್ಯಾಂಟು. ಮೊಣಕಾಲಿನ ಮೇಲೆ ಚೀಲಕ್ಕೆ ತಂದಿದ್ದ ಅದೇ ಹಸಿರು ಟಾರ್ಪಾಲಿನ ತೇಪೆ, ಒಳಗೆ ಸ್ಪಂಜು. ಕರ್ಟನ್ ಅಂಗಡಿಯಲ್ಲಿ ಇಪ್ಪತ್ತು ವರ್ಷ ಕೈ ಪಳಗಿದವಳು. ಹೊಲಿಗೆ ಗೆರೆ ಎಳೆದ ಹಾಗಿತ್ತು.

"ಹೇಗಿದೆ? ಹೇಗೆ ಕೂತ್ರೂ ಹರಿಯಲ್ಲ ನೋಡಿ. ಬಿದ್ರೂ ಮಂಡಿ ಕಿತ್ತೋಗಲ್ಲ," ಎಂದಳು. ಮುಖ ಅರಳಿತ್ತು. "ಬನ್ನಿ, ಕೂತು ನೋಡ್ತೀನಿ."

ಅವನು ಕೈ ಅಡ್ಡ ಚಾಚಿದ. ಬೇಡ ಎನ್ನುವಷ್ಟರಲ್ಲಿ ಅವಳು ಶೆಡ್ಡು ಸೇರಿದ್ದಳು. ಬೈಕಿನ ಹಿಂಬದಿ ಹಿಡಿದು ಹುಮ್ಮಸ್ಸಿನಿಂದ ಕಾಲೆತ್ತಿ ಹಾಕಿ ಕೂತಳು. ಆಮೇಲೆ ಎಡಗಾಲು ಕೆಳಗೆ ತಡಕಿತು. ಮುಂದೆ ತಡಕಿತು, ಹಿಂದೆ ತಡಕಿತು. ಬಲಗಾಲೂ ಹಾಗೆಯೇ. ಎರಡೂ ಕಾಲು ಗಾಳಿಯಲ್ಲಿ ತೇಲಾಡುತ್ತಿರಲು ಬಗ್ಗಿ ನೋಡಿದಳು. ಕೊಯ್ದ ಜಾಗಕ್ಕೆ ಕಪ್ಪು ಬಣ್ಣ ಹಚ್ಚಿತ್ತು.

"ಇಲ್ಲಿದ್ದಿದ್ದು ಎಲ್ಲಿ?"

"ಒಂದು ಕಿಲೋ ನೂರೈವತ್ತು ಗ್ರಾಂ ಇತ್ತು," ಎಂದ ಅವನು.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ಗೋಡೆಯ ಕಡೆ ತಿರುಗಿ ಎರಡು ಗೆರೆ ಎಳೆದಿದ್ದ ಅಂಕಿಯನ್ನು ನೋಡಿದಳು. ಇಳಿದು ಒಳಗೆ ಹೋಗಿ ಪ್ಯಾಂಟು ಕಳಚಿ, ಮಡಿಸಿ, ಕಪಾಟಿನ ಮೇಲಿನ ಅರೆಯಲ್ಲಿಟ್ಟಳು. ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತು ಚೀಲಕ್ಕೆ ಪ್ಲಾಸ್ಟಿಕ್ ಬಕಲ್ ಹಾಕಿದಳು. ಮುಗಿದ ಮೇಲೆ ತಾನೇ ತಂದು ತಕ್ಕಡಿಗೆ ಸಿಕ್ಕಿಸಿ, ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ಮೇಲೆ ಐನೂರ ತೊಂಬತ್ತು ಎಂದು ಬರೆದಳು.

ಜಗಳವಾಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಊಟಕ್ಕೆ ಬಡಿಸಿದಳು, ಅಂಗಡಿಯ ವಿಷಯ ಮಾತಾಡಿದಳು, ಯಾರದೋ ಮನೆಯ ಕಿಟಕಿಗಳ ಅಳತೆ ತಪ್ಪಾದದ್ದನ್ನು ಹೇಳಿದಳು. ಪ್ರವಾಸದ ಮಾತು ಮಾತ್ರ ಇಲ್ಲ. ಒರಟು ದಾರಿ, ಅವಳಿಗೆ ಸೊಂಟ ನೋವು ಬಂದೀತು ಅಂತ ಯೋಚಿಸಿ ತೆಗೆದೆ ಎಂದು ಹೇಳೋಣವೆಂದುಕೊಂಡ. ಆದರೆ ಅದು ಸುಳ್ಳು, ಅವನಿಗೇ ಗೊತ್ತಿತ್ತು. ಅವನು ಹಾಗೆ ಯೋಚಿಸಿರಲಿಲ್ಲ. ಏನನ್ನೂ ಯೋಚಿಸಿರಲಿಲ್ಲ. ಹಳೇ ಸ್ಕೂಟರಿನ ಮೇಲೆ ಇಪ್ಪತ್ತೆರಡು ವರ್ಷ ಬೆನ್ನ ಹಿಂದೆ ಕೂತು, ಕರ್ಟನ್ ಕೋಲುಗಳನ್ನು ಬಾವುಟದ ಹಾಗೆ ನೆಟ್ಟಗೆ ಹಿಡಿದುಕೊಂಡು ಊರೆಲ್ಲ ಸುತ್ತಿದವಳು ತಕ್ಕಡಿಯ ಯಾವ ತಟ್ಟೆಗೂ ಬಂದಿರಲೇ ಇಲ್ಲ. 'ಹೋಗೋಣ' ಎಂದು ಶುರುವಾದ ಮಾತು 'ನಾನು ಹೋಗಬೇಕು' ಅಂತ ಯಾವಾಗ ಆಯಿತೋ ಅವನಿಗೆ ನೆನಪಾಗಲಿಲ್ಲ. ನಾಚಿಕೆಯಾಯಿತು.

ಮರುದಿನ ಊಟದ ಬಿಡುವಿನಲ್ಲಿ ಬೈಕನ್ನು ಬಾಮೈದನ ಅಂಗಡಿಗೆ ನುಗ್ಗಿಸಿದ.

"ಮತ್ತೆ ಏನು ಕೊಯ್ಯೋಣ ಭಾವ? ಉಳಿದಿರೋದು ಹ್ಯಾಂಡಲ್ ಒಂದೇ."

"ಕೊಯ್ಯೋದಲ್ಲ, ಕೂಡಿಸೋದು. ಆ ಫುಟ್‌ರೆಸ್ಟ್ ವಾಪಸ್ ಹಾಕು."

ಬಾಮೈದ ಕನ್ನಡಕ ಹಣೆಗೇರಿಸಿ ಅವನನ್ನೇ ನೋಡಿದ. "ಅಕ್ಕಂಗೆ ಗೊತ್ತಾಯ್ತಾ?"

"ನಿನಗೆ ಅನುಮಾನ ಇತ್ತಾ?"

"ಇರದೆ ಏನು? ನಿಮ್ಮ ಜೊತೆ ಹೋಗ್ತೀನಿ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ಲು. ನಾನೇನೋ ಗಂಡ ಹೆಂಡ್ತಿ ಮಾತಾಡ್ಕೊಂಡಿರ್ತೀರಿ ಅಂದ್ಕೊಂಡೆ." ಆಮೇಲೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕ. "ನನ್ನ ಕೈಯಲ್ಲೇ ಅಕ್ಕನ ಜಾಗ ಕೊಯ್ಯಿಸಿಬಿಟ್ರಲ್ಲ ಭಾವ! ಅವಳು ನನ್ನನ್ನೂ ಬಿಡಲ್ಲ ಈಗ."

ಕೊಯ್ದ ತುಂಡುಗಳು ಗುಜರಿಗೆ ಹೋಗಿಯಾಗಿತ್ತು. ಬಾಮೈದ ಗಟ್ಟಿ ಪೈಪು ಹುಡುಕಿ, ಅಳೆದು, ಬೆಸೆದು, ತುದಿಗೆ ರಬ್ಬರು ತೊಡಿಸಿ ಹೊಸದೇ ಒಂದು ಜೊತೆ ಮಾಡಿದ. ಮೊದಲಿನದಕ್ಕಿಂತ ದಪ್ಪ. "ಪೈಪಿಂದು ಸ್ವಲ್ಪ ತೂಕ ಜಾಸ್ತಿ ಆಯ್ತು, ಎಷ್ಟು ಅಂತ ನೋಡ್ತೀರಾ?" ಎಂದು ಅಂಗಡಿಯ ಕಬ್ಬಿಣ ತೂಗುವ ತಕ್ಕಡಿಯತ್ತ ಕೈ ತೋರಿಸಿದ. ಬೇಡ ಎಂದು ತಲೆಯಾಡಿಸಿ ಸಾಹೇಬ ಅವು ತಣ್ಣಗಾಗುವುದನ್ನೇ ಕಾದ.

ಮನೆಗೆ ಬಂದವನೇ ಅವಳ ತೂಕಕ್ಕೆ ಜಾಗ ಮಾಡಲು ಹಿಂದಿನ ಕ್ಯಾರಿಯರ್ ಬಿಚ್ಚಿದ. ಪೆಟ್ರೋಲ್ ಕ್ಯಾನಿನ ಕಟ್ಟು ಬಿಚ್ಚಿದ. ಪ್ರವಾಸಕ್ಕೆಂದು ತಂದಿಟ್ಟಿದ್ದ ಕ್ಯಾಂಪಿನ ಕುರ್ಚಿ, ಎರಡನೇ ಪಾತ್ರೆ, ದೊಡ್ಡ ಟೆಂಟು, ಒಂದೊಂದಾಗಿ ಮೂಲೆ ಸೇರಿದವು. ಸದ್ದು ಕೇಳಿ ಹೆಂಡತಿ ಬಾಗಿಲಿಗೆ ಬಂದು ಚೌಕಟ್ಟಿಗೆ ಒರಗಿ ನಿಂತಳು. ಅವಳ ಕಣ್ಣು ಹೊಸ ಫುಟ್‌ರೆಸ್ಟಿನ ಮೇಲೆ ಬಿತ್ತು.

"ಅಳತೆ ತಪ್ಪಾಗಿತ್ತು," ಎಂದ ಅವನು, ನಟ್ಟು ಬಿಚ್ಚುತ್ತಲೇ.

"ಯಾರದು?"

"ತೂಕದ ಸಾಹೇಬನದೇ."

"ತಪ್ಪು ತಕ್ಕಡಿಗೆ ನೀವು ಏನು ಮಾಡ್ತೀರಿ?"

"ಬೀಗ ಹಾಕ್ತೀವಿ. ರಿಪೇರಿ ಮಾಡಿಸ್ಕೊಂಡು ಬಂದ್ರೆ ಮತ್ತೆ ನೋಡ್ತೀವಿ."

"ನೋಡೋಣ," ಎಂದಳು. ತುಟಿ ಬಿಗಿಯಾಗಿಯೇ ಇತ್ತು. "ನಾನು ಬರ್ತೀನಿ ಅಂತ ಯಾರು ಹೇಳಿದ್ರು?"

ಅವನು ಪಾನಾ ಕೆಳಗಿಟ್ಟು ಎದ್ದು ನಿಂತ. "ಬಾ ಮಾರಾಯ್ತಿ. ನೀನಿಲ್ದೆ ಆ ಕೆರೆ ನೋಡಿ ಬಂದು ಯಾರಿಗೆ ಹೇಳ್ಲಿ?"

ಅವಳು ಒಳಗೆ ಹೋದಳು. ಅವನು ಕೈಯೊರೆಸುತ್ತಾ ನಿಂತೇ ಇದ್ದ. ಕಪಾಟಿನ ಬಾಗಿಲು ಕಿರುಗುಟ್ಟಿದ ಸದ್ದು ಕೇಳಿಸಿತು. ಹಿಂತಿರುಗಿದಾಗ ಅವಳು ಪ್ಯಾಂಟು ತೊಟ್ಟಿದ್ದಳು.

"ಹಿಂದಿನ ಸ್ಪ್ರಿಂಗ್ ಬಿಗಿ ಮಾಡ್ಬೇಕು. ಇಬ್ರು ಕೂತ್ರೆ ಹಿಂಬದಿ ಕುಸಿಯುತ್ತೆ," ಎಂದು ಗಂಟಲು ಸರಿಮಾಡಿಕೊಂಡ. "ಅದಕ್ಕೆ ನಿನ್ನ ತೂಕ..."

"ಕೇಳಿದ್ರೆ ನೋಡಿ!"

ಸರ್ಕಾರದ ಮುದ್ರೆ ಹಿಡಿದು ಮೂವತ್ತು ವರ್ಷ ಊರು ಆಳಿದವನು ಬಾಯಿ ಮುಚ್ಚಿಕೊಂಡು ಟೇಪು ತಂದ. ಅವಳು ಕೂರುವ ಮೊದಲು ಚಕ್ರದ ನಡುವಿನಿಂದ ಮಡ್‌ಗಾರ್ಡಿನವರೆಗೆ ಅಳೆದ. ಬಾಮೈದನನ್ನು ಕರೆಸಿ, ಇಬ್ಬರೂ ಕೂತ ಮೇಲೆ ಮತ್ತೆ ಅಳೆಸಿದ. ಕುಸಿದದ್ದು ಎಷ್ಟೆಂದು ತಮ್ಮ ಗಟ್ಟಿಯಾಗಿ ಹೇಳಹೊರಟಾಗ ಅಕ್ಕ ಕಣ್ಣು ಬಿಟ್ಟಳು, ಅವನು ಬೆರಳಿನಲ್ಲಿ ತೋರಿಸಿದ. ಸ್ಪ್ರಿಂಗಿನ ಬಳೆಯನ್ನು ಆರು ಸುತ್ತು ಬಿಗಿಗೊಳಿಸಿದರು.

ಒಂಬತ್ತು ದಿನದ ಮೇಲೆ, ಬೆಳಗಿನ ಹತ್ತರ ಬಿಸಿಲಿನಲ್ಲಿ, ಅವರು ಡಾಂಬರು ಮುಗಿಯುವ ಜಾಗ ದಾಟಿದರು. ಅವನು ಬೈಕು ನಿಲ್ಲಿಸಿ ಎರಡೂ ಟೈರಿನ ಗಾಳಿ ಸ್ವಲ್ಪ ಬಿಟ್ಟ. ಕಲ್ಲುದಾರಿಯಲ್ಲಿ ಹಿಡಿತ ಸಿಗಲೆಂದು. ಅವಳು ಸುತ್ತಲೂ ನೋಡಿ, "ಇದೇನಾ? ನೀವು ಹೇಳಿದ್ದ ಹಾಗೇ ಇದೆ," ಎಂದಳು. ಮೊದಲ ದಿಣ್ಣೆಯನ್ನು ಬೈಕು ಮೊದಲ ಗೇರಿನಲ್ಲಿ ಗೊಣಗುತ್ತಾ ಏರಿತು. ಹಿಂದಿನಿಂದ ಅವಳ ಕೈ ಅವನ ಹೆಗಲ ಮೇಲಿತ್ತು. ಗುಂಡಿ ಬಂದಾಗಲೆಲ್ಲ ಇಬ್ಬರೂ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಮತ್ತೆ ಕೂರುತ್ತಿದ್ದರು, ಹೇಳಿಕೊಡದೆಯೇ ಅವಳಿಗೆ ಅದು ಬಂದಿತ್ತು. ಅವನಿಗೆ ಹಾಡಬೇಕೆನಿಸಿತು. ಹಾಡಿದ. ಹೆಲ್ಮೆಟ್ಟಿನೊಳಗೆ ಯಾರಿಗೂ ಕೇಳಿಸಲಿಲ್ಲ.

ಎರಡನೇ ದಿಣ್ಣೆ ಕೈಕೊಟ್ಟಿತು. ಕಡಿದು, ಮೇಲೆಲ್ಲ ಸಡಿಲ ಜಲ್ಲಿ. ಅರ್ಧ ಹತ್ತುವಷ್ಟರಲ್ಲಿ ಹಿಂದಿನ ಚಕ್ರ ನಿಂತಲ್ಲೇ ತಿರುಗಿತು, ಮುಂದಿನದು ನೆಲ ಬಿಟ್ಟು ಒಂದು ಗೇಣು ಎದ್ದಿತು. ಅವನು ಕಾಲು ಊರಿ ಹೇಗೋ ನಿಲ್ಲಿಸಿದ.

"ಇಬ್ರನ್ನ ಎಳೆಯಲ್ಲ. ಒಬ್ರು ಇಳೀಬೇಕು," ಎಂದ ಅವನು ಏದುಸಿರಿನಲ್ಲಿ. "ನೀನು ಮೆಲ್ಲಗೆ ನಡ್ಕೊಂಡು ಬಾ. ನಾನು ಇದನ್ನ ಮೇಲೆ ಹತ್ತಿಸಿ..."

"ಒಂದು ನಿಮಿಷ. ಭಾರ ಇದ್ದೋರು ತಾನೆ ಇಳೀಬೇಕಾದ್ದು?"

"ಹ್ಞೂಂ."

"ಮೂವತ್ತು ವರ್ಷ ತೂಗಿದ್ದೀರಿ, ನೀವೇ ಹೇಳಿ. ನಮ್ಮಿಬ್ರಲ್ಲಿ ಭಾರ ಯಾರು?"

ಸ್ಕೂಟರು ಬೇರೆ ಇದು ಬೇರೆ, ಸೀಟು ಎತ್ತರ, ಕ್ಲಚ್ಚು ಗಟ್ಟಿ, ಇಂಥ ಮಾತು ನಾಲ್ಕಾರು ಗಂಟಲವರೆಗೆ ಬಂದವು. ಅವನು ಊರಲ್ಲಿಲ್ಲದಾಗ ಹಳೇ ಸ್ಕೂಟರನ್ನು ತಾನೇ ಓಡಿಸಿಕೊಂಡು ಅವಳೊಬ್ಬಳೇ ಕರ್ಟನ್ ಹೊತ್ತು ಎಷ್ಟು ಏರುಬೀದಿ ಹತ್ತಿದ್ದಾಳೆಂದು ಅವನಿಗೆ ತಿಳಿಯದ್ದೇ? ಇಳಿದು, ಅವಳು ಮುಂದಕ್ಕೆ ಸರಿಯುವವರೆಗೆ ಬೈಕು ಹಿಡಿದುಕೊಂಡ. ಅವಳ ಒಂದೇ ಕಾಲಿನ ಬೆರಳು ನೆಲಕ್ಕೆ ತಾಗುತ್ತಿತ್ತು. ಅವನು ಚೀಲಗಳನ್ನು ಬಿಚ್ಚಿ ಎರಡೂ ಹೆಗಲಿಗೆ ಹಾಕಿಕೊಂಡ.

"ಕ್ಲಚ್ಚು ಒಮ್ಮೆಗೇ ಬಿಡಬೇಡ. ಮೇಲೆ ನೋಡು, ಚಕ್ರ ನೋಡಬೇಡ."

"ಗೊತ್ತು. ನಿಮ್ಮ ಹಿಂದೆ ಕೂತು ನೋಡ್ತಾನೇ ಬಂದಿದ್ದೀನಲ್ಲ."

ಜಲ್ಲಿ ಸಿಡಿಯಿತು. ಬೈಕು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಲ ಬೀಸಿ, ಹಿಡಿತ ಸಿಕ್ಕಿ, ಏರಿತು. ಅವನು ಕೆಳಗೆ ನಿಂತು ನೋಡಿದ. ಹಸಿರು ತೇಪೆಯ ಮೊಣಕಾಲು ಟ್ಯಾಂಕನ್ನು ಒತ್ತಿ ಹಿಡಿದದ್ದು, ದಿಣ್ಣೆಯ ತುದಿಯಲ್ಲಿ ಬೆನ್ನು ನೆಟ್ಟಗಾದದ್ದು ಕಾಣಿಸಿತು. ಆಮೇಲೆ ಆಕಾಶ ಮಾತ್ರ. ಇಂಜಿನ್ ಸದ್ದು ಇಳಿದು, ನಿಂತಿತು. ದೂಳು ಅವನ ಮೈಮೇಲೆಲ್ಲ ಕೂತಿತು. ಅವಳ ಚಕ್ರ ಗೀರಿದ ಸಾಲಿನಲ್ಲೇ ಹೆಜ್ಜೆ ಇಡುತ್ತಾ, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾ ಹತ್ತಿದ. ಚೀಲದ ಪಟ್ಟಿ ಹೆಗಲು ಕೊರೆಯುತ್ತಿತ್ತು. ನಗು ಬರುತ್ತಿತ್ತು.

ಮೇಲೆ ತಲುಪಿದಾಗ ಬೈಕು ಸ್ಟ್ಯಾಂಡಿನ ಮೇಲೆ ನಿಂತಿತ್ತು. ಮೆತ್ತನೆಯ ಮಣ್ಣಿನಲ್ಲಿ ಹೂತುಹೋಗದಂತೆ ಸ್ಟ್ಯಾಂಡಿನ ಅಡಿಗೆ ಒಂದು ಚಪ್ಪಟೆ ಕಲ್ಲು ಇಟ್ಟಿದ್ದಳು. ಶೂ ಬಿಚ್ಚಿ ಪಕ್ಕಕ್ಕಿಟ್ಟು, ಅಗಲವಲ್ಲದ ಒಂದು ಬಂಡೆಯ ಮೇಲೆ ಕೂತಿದ್ದಳು. ಕೆಳಗೆ ಇನ್ನೊಂದು ದಿಣ್ಣೆಯ ಆಚೆ, ನೀಲಿಯ ಒಂದು ಸಣ್ಣ ತುಂಡು ಬಿಸಿಲಿಗೆ ಹೊಳೆಯುತ್ತಿತ್ತು. ಅವನ ಹೆಜ್ಜೆ ಸದ್ದಿಗೆ ಅವಳು ತಿರುಗಿ ನೋಡಲಿಲ್ಲ. ಶೂಗಳನ್ನೆತ್ತಿ ಮಡಿಲಲ್ಲಿಟ್ಟುಕೊಂಡು, ಬಂಡೆಯ ಮೇಲೆ ಸ್ವಲ್ಪ ಸರಿದು ಕೂತಳು.