ಎಡಗಡೆ ಜೇಬು

ಹೊರಗೆ ಲಿಫ್ಟು ಮೂರನೇ ಮಹಡಿ ದಾಟುವಾಗ ಮತ್ತೆ ಅದೇ ಕಿರ್ರೆನ್ನುವ ಸದ್ದು, ಬಲಗಡೆಯ ಹಳಿಗೆ ಎಣ್ಣೆ ಸಾಲದು, ನಾಳೆ ನೋಡಬೇಕು — ಊರವರ ಲಿಫ್ಟೆಲ್ಲ ರಿಪೇರಿ ಮಾಡುವವನ ತಾನಿರುವ ಕಟ್ಟಡದ್ದೇ ಹೀಗೆ ನರಳಬೇಕೆ — ನಾಲ್ಕು, ಐದು, ಇಲ್ಲಿ ನಿಲ್ಲಲಿಲ್ಲ, ಆರಕ್ಕೆ ಹೋಯಿತು, ಮೇಲಿನ ಮನೆಯ ಟೀಚರಮ್ಮ ಇರಬೇಕು, ತನ್ನ ಮಗಳ ರೈಲು ಬರುವುದು ನಾಲ್ಕಕ್ಕೆ, ಈಗಿನ್ನೂ ಒಂದೂವರೆ, ಅವನ ಎರಡು ತೋಳಿನ ಮೇಲೂ ಚರ್ಮದ ಭಾರ, ಅವಳ ಮಂಚದ ಮೇಲೆ ಇನ್ನೂ ಹದಿನಾಲ್ಕು ಜಾಕೆಟ್, ಬೀರುವಿನಲ್ಲಿ ಒಂಬತ್ತು. ಬೆಳಿಗ್ಗೆ ಫೋನಿನಲ್ಲಿ, ಒಂದು ರಾತ್ರಿ ಮಟ್ಟಿಗೆ ಬರ್ತೀನಿ ಅಪ್ಪಾ, ನನ್ನ ರೂಮು ಇದೆಯಾ, ಅಂದಳು, ನಾಲ್ಕು ವರ್ಷದ ಮೇಲೆ, ಅವನ ನಾಲಿಗೆ ತಾನಾಗಿ ಹೊರಳಿತು, ಹೇಗಿತ್ತೋ ಹಾಗೇ ಇದೆ ಕಣೇ ಗುಬ್ಬೀ. ಹಾಗಾದ್ರೆ ಒಂದು ಫೋಟೋ ತೆಗೆದು ಕಳಿಸಿ. ಅಷ್ಟೇ, ಇಟ್ಟುಬಿಟ್ಟಳು. ಆಗಿನಿಂದ ಹೊರುತ್ತಿದ್ದಾನೆ, ತನ್ನ ಮಂಚ ತುಂಬಿತು, ಕುರ್ಚಿಗಳು ತುಂಬಿದವು, ಬಚ್ಚಲ ಬಾಗಿಲ ಮೊಳೆಗೆ ಎರಡು, ಹ್ಯಾಂಗರ್ ಮುಗಿದು ಒಂದನ್ನು ತಾನೇ ತೊಟ್ಟ, ಕುರಿಯುಣ್ಣೆಯ ಕಾಲರಿನದು, ಮೂವತ್ತು ಸಾವಿರ ಅಡಿ ಮೇಲಿನ ಚಳಿಗೆಂದು ಯುದ್ಧಕಾಲದ ಪೈಲಟ್ಟುಗಳಿಗೆ ಹೊಲಿದದ್ದು, ಈ ಮಧ್ಯಾಹ್ನ ಅದರೊಳಗೆ ಅವನು ಬೇಯುತ್ತಿದ್ದಾನೆ. ವಿಮಾನ ಹತ್ತದ ಪೈಲಟ್ಟು, ಹದಿನಾಲ್ಕನೇ ಮಹಡಿಗಿಂತ ಮೇಲೆ ಹೋದವನಲ್ಲ, ಅವಳಮ್ಮ ಇದ್ದಾಗ ನಗುತ್ತಿದ್ದಳು, ನಿಮ್ಮಪ್ಪ ಲ್ಯಾಂಡ್ ಆದ್ರು, ಬಾಗಿಲು ತೆಗಿಯೇ. ಆಗ ಇದ್ದದ್ದು ಒಂದೇ ಜಾಕೆಟ್ಟು, ನಕಲೇ, ಆದರೂ ಕುದುರೆ ಚರ್ಮ. ಅವಳಮ್ಮ ತೀರಿಕೊಂಡ ವರ್ಷ ಎರಡಾಯಿತು, ಆಮೇಲೆ ಏಳು, ಅಸಲಿ ಬಂತು, ಎದೆಯ ಮೇಲೆ ಯಾರದೋ ಹೆಸರಿನ ಪಟ್ಟಿ, ಒಳಗೆ ಯಾರದೋ ಬೆವರಿನ ಕಲೆ, ಅದಕ್ಕೆ ಎಣ್ಣೆ ಸವರುತ್ತಾ ಕೂತರೆ ಸಂಜೆ ಸರಿದದ್ದೇ ತಿಳಿಯುತ್ತಿರಲಿಲ್ಲ, ಪಕ್ಕದ ಕೋಣೆಯಲ್ಲಿ ಹುಡುಗಿ ಒಬ್ಬಳೇ ಉಂಡು ಮಲಗಿದ್ದೂ. ನಿಮಗೆ ಸತ್ತವರ ಕೋಟು ಬೇಕು, ಬದುಕಿರೋರು ಬೇಡ. ಮಗಳು ಮನೆ ಬಿಟ್ಟು ಹೋಗುವಾಗ ಹೇಳಿದ್ದು, ಬ್ಯಾಗಿನ ಜಿಪ್ ಎಳೆಯುತ್ತಾ, ಬೇರೆ ಊರಿನ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಅವಳು ಹೋದ ವಾರವೇ ಒಂದನ್ನು, ಒಂದೇ ಒಂದನ್ನು, ಅವಳ ಬೀರುವಿನಲ್ಲಿ ತೂಗುಹಾಕಿದ, ಬರುವವರೆಗೆ ಇರಲಿ ಅಂತ.

ಎರಡು ಗಂಟೆ, ಅರ್ಧ ಮಂಚ ಕಾಣುತ್ತಿದೆ, ಈಗ ತೆಗೆದರೆ ಅರ್ಧದ ಫೋಟೋ ಆಗುತ್ತದೆ, ಅರ್ಧ ಸುಳ್ಳು, ಬೇಡ, ಪೂರ್ತಿ ಆಗಲಿ — ಮತ್ತೆ ಕಿರ್, ಮೂರು, ನಾಲ್ಕು, ಅಲ್ಲೇ ನಿಂತಿತು — ಎಲ್ಲದರ ಅಡಿಯಲ್ಲಿ ಅದು, ಮೊದಲನೆಯದು, ಆ ನಕಲು, ಕಂದು ಬಣ್ಣದ್ದು, ಎಡಗಡೆ ಜೇಬಿನ ಮೂಲೆ ನಿಂಬೆಹಣ್ಣಿನಷ್ಟು ಉಬ್ಬಿದೆ. ಸಮವಸ್ತ್ರದವರು ಜೇಬಿಗೆ ಕೈ ಹಾಕಬಾರದು, ಅದು ನಿಯಮ, ಬೀದಿಯಲ್ಲಿ ಎಷ್ಟೇ ಚಳಿಯಿರಲಿ ಅವನೂ ಹಾಕಿದವನಲ್ಲ, ಆದರೆ ಸ್ಕೂಲಿನ ದಾರಿಯಲ್ಲಿ ಐದು ವರ್ಷದ ಗುಬ್ಬಿಗೆ ಯಾವ ನಿಯಮ, ಪ್ರೆಸ್ ಗುಂಡಿ ಪಟ್ ಅನ್ನಿಸಿ ಮುಷ್ಟಿ ತೂರಿಸಿ ನೇತಾಡುತ್ತಾ ಬರುತ್ತಿದ್ದಳು, ತೆಗಿಯೇ, ಜೋತುಬೀಳತ್ತೆ. ಚಳಿ ಅಪ್ಪಾ. ನಿನ್ನ ಸ್ವೆಟರಿಗೆ ಜೇಬಿಲ್ವಾ. ಅದ್ರಲ್ಲಿ ನೀನಿಲ್ವಲ್ಲ. ಎರಡು ಚಳಿಗಾಲ. ಆಮೇಲೆ ಟೀ ಅಂಗಡಿಯಲ್ಲಿ, ಇದೇ ಹುಚ್ಚಿನ ಮೂರು ಜನ ಸೇರುವಲ್ಲಿ, ವಾಚ್ ರಿಪೇರಿಯವನು ಬೆರಳಿಟ್ಟು ತೋರಿಸಿದ, ಏನ್ ಪೈಲಟ್ಟು, ಇದಕ್ಕೆ ಹೊಟ್ಟೆ ಬಂದಿದೆಯಲ್ಲೋ, ಬಸುರಿ ಜೇಬು, ಎಲ್ಲರೂ ನಕ್ಕರು, ಅವನೂ ನಕ್ಕ, ಮನೆಗೆ ಬಂದು ಒದ್ದೆ ಬಟ್ಟೆ ಹಾಸಿ, ಮೇಲೆ ಅವಳ ಶಾಲೆಯ ಪುಸ್ತಕಗಳನ್ನೇ ಹೇರಿ ಒಂದು ತಿಂಗಳು ಇಟ್ಟ, ತೆಗೆದ ಮೇಲೆ ಒಂದು ದಿನ ಚಪ್ಪಟೆಯಾಗಿತ್ತು, ಮಾರನೆಯ ದಿನ ಮತ್ತೆ ಎದ್ದಿತು, ಚರ್ಮ ಮರೆಯುವುದಿಲ್ಲ, ಸಿಟ್ಟಿನಿಂದ ಅದನ್ನು ಮೂಲೆಗೆಸೆದ, ಬಾಗಿಲಲ್ಲಿ ನಿಂತು ಅವಳು ನೋಡುತ್ತಿದ್ದಳು, ಮರುದಿನದಿಂದ ಬೀದಿಯಲ್ಲಿ ಅವಳ ಕೈ ಅವಳ ಹತ್ತಿರವೇ.

ಫೋನು ಮಿನುಗಿತು. ಬೇಡ ಬಿಡಿ ಅಪ್ಪಾ, ಗೆಳತಿ ಮನೇಲಿ ಇರ್ತೀನಿ. ಫೋಟೋ ಬರಲಿಲ್ಲ, ಅರ್ಥ ಆಯ್ತು. ಸಿಟ್ಟೇನಿಲ್ಲ. ಎರಡೂವರೆ. ಅವನು ಕಂದು ಜಾಕೆಟ್ಟನ್ನು ಅವಳ ಕುರ್ಚಿಯ ಮೇಲಿಟ್ಟು ಮಿಕ್ಕ ಐದನ್ನೂ ಹೊತ್ತೊಯ್ದ, ಹಾಸಿಗೆ ಕೊಡವಿದ, ದಿಂಬಿಗೆ ಚೀಲ ಹಾಕಿದ, ಫೋನು ಎತ್ತಿ ಹಿಡಿದ, ಮಂಚ, ಕಿಟಕಿ, ಗೋಡೆ, ಎಲ್ಲ ಹೇಗಿತ್ತೋ ಹಾಗೇ, ಆದರೆ ಚಿತ್ರದ ಮೂಲೆಯಲ್ಲಿ ಕುರ್ಚಿಯ ಮೇಲೆ ಆ ಒಂದು, ಅದನ್ನು ಸರಿಸಿ ತೆಗೆಯಬೇಕು, ಎತ್ತಿಕೊಂಡ, ಪಟ್, ಮೊದಲ ಸಲ ಒಳಗೆ ಕೈ ಇಟ್ಟ, ಬೆರಳ ತುದಿಗೆ ಆ ಗುಂಡನೆಯ ಗುಳಿ ಸಿಕ್ಕಿತು, ಖಾಲಿ, ಕಿರ್, ಮೂರು, ನಾಲ್ಕು — ಐದು ವರ್ಷದ ಮುಷ್ಟಿಯಷ್ಟು, ಅಷ್ಟೇ ಅಷ್ಟು, ಎಡಗಡೆ ಜೇಬಿನ ಮೂಲೆಯಲ್ಲಿ, ಮುಷ್ಟಿಯಷ್ಟು —